ಒಂಬತ್ತನೆಯ ಫೋಟೊ

“ನೋಡಮ್ಮಾ, ನಿಮ್ಮನೇನೇ. ಗುರುತು ಸಿಗ್ತಾ?” ಎಂದು ಬ್ರೋಕರ್ ಫೋನನ್ನು ಅವಳ ಮುಂದೆ ಹಿಡಿದ. ಮೂರು ಮಹಡಿ ಹತ್ತಿ ಬಂದವನಿಗೆ ಇನ್ನೂ ಏದುಸಿರು. ಹಳೆಯ ಕೇರಿಯ ಕಲ್ಲುಹಾಸು, ನೂರು ವರ್ಷದ ಕಟ್ಟಡದ ಕಮಾನು ಬಾಗಿಲು, ಮರದ ಮೆಟ್ಟಿಲು. ಒಂದೊಂದನ್ನೇ ಬೆರಳಿನಿಂದ ಸರಿಸುತ್ತ ಹೋದ. ಅವಳು ಬಾಡಿಗೆಗಿದ್ದ, ಮಾಲೀಕರು ಈಗ ಮಾರಾಟಕ್ಕಿಟ್ಟಿದ್ದ ಒಂದೇ ಬೆಡ್‌ರೂಮಿನ ಫ್ಲ್ಯಾಟು ಫೋನಿನಲ್ಲಿ ಯಾರೋ ಶ್ರೀಮಂತರ ಮನೆಯ ಹಾಗೆ ಕಾಣುತ್ತಿತ್ತು.

“ಅಡುಗೆಮನೇನ ಎಷ್ಟು ದೊಡ್ಡದು ಮಾಡಿದೀರಿ ಅಣ್ಣಾ! ಇಬ್ಬರು ನಿಂತ್ರೆ ಮೊಣಕೈ ತಾಗತ್ತೆ.”

“ಮೂಲೇಲಿ ಕುಕ್ಕುರುಗಾಲಲ್ಲಿ ಕೂತು ತೆಗೀಬೇಕು. ಪಾಪ, ಫೋಟೊದವನಿಗೆ ಸೊಂಟ ಹಿಡ್ಕೊಂಡುಬಿಟ್ಟಿದೆ.”

ಒಂಬತ್ತನೆಯ ಫೋಟೊ ಬಂತು. ಅವಳ ನಗು ಅಲ್ಲೇ ನಿಂತಿತು. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಅವಳ ಹೊಲಿಗೆ ಮಿಷನ್ನು. ಫೋಟೊ ತೆಗೆಯುವ ದಿನ ಅದರ ಮೇಲೆ ನೆಲ ಮುಟ್ಟುವ ಹಾಗೆ ಬೆಡ್‌ಶೀಟು ಹೊದಿಸಿ, ಹೊಲಿದ ಬಟ್ಟೆಗಳನ್ನು ಕೊಟ್ಟುಬರಲು ಹೋಗಿದ್ದಳು.

“ಇದನ್ನ ಮುಚ್ಚಿಟ್ಟಿದ್ನಲ್ಲಾ?”

“ಹೆಣಕ್ಕೆ ಹೊದಿಸಿದ ಹಾಗೆ ಹೊದಿಸಿದ್ರಿ. ನಾನೇ ಶೀಟು ತೆಗೆಸ್ದೆ. ಹಳೇ ಕೇರಿ, ಹಳೇ ಕಿಟಕಿ, ಪಕ್ಕದಲ್ಲಿ ಕಾಲಲ್ಲಿ ತುಳಿಯೋ ಹಳೇ ಮಿಷನ್ನು. ದುಡ್ಡಿರೋರು ಇಂಥದಕ್ಕೇ ಸೋಲೋದು!”

ಮಿಷನ್ನಿನ ಕಪ್ಪು ಸ್ಟ್ಯಾಂಡಿನ ಎಡಗಾಲಿಗೆ ಹಸಿರು ಪೈಪಿನ ತುಂಡೊಂದನ್ನು ಬೆಸೆಯಲಾಗಿತ್ತು. ಆ ಕಾಲನ್ನು ಒದ್ದು ಮುರಿದವನು ಅವಳ ಗಂಡ. ಮರುದಿನ ಕೂತು ಬೆಸೆದವನೂ ಅವನೇ. ಮಿಷನ್ನಿಗೆ ಬಿದ್ದ ಆ ಒದೆ ಮಗಳಿಗೆ ಬೀಳಬೇಕಾಗಿದ್ದದ್ದು. ಅವನು ವೆಲ್ಡರ್. ತನ್ನ ಕೈಯ ಬೆಸುಗೆಯನ್ನು ಸಾವಿರದಲ್ಲಿ ಗುರುತಿಸಬಲ್ಲ. ಹದಿಮೂರು ತಿಂಗಳ ಹಿಂದೆ, ಅವನು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಮಗಳನ್ನೂ ಈ ಮಿಷನ್ನನ್ನೂ ಒಂದು ಗಾಡಿಗೆ ಹಾಕಿಕೊಂಡು ಅವಳು ಈ ಊರಿಗೆ ಬಂದಿದ್ದಳು. ಗಂಡ ಹಡಗಿನ ಕೆಲಸದಲ್ಲಿದ್ದಾನೆ ಎಂದು ಎಲ್ಲರಿಗೂ ಹೇಳಿದ್ದಳು. ಮಗಳಿಗೂ ಹಾಗೇ ಹೇಳಲು ಕಲಿಸಿದ್ದಳು.

“ಇದೊಂದು ತೆಗೆದುಬಿಡಿ ಅಣ್ಣಾ. ಈಗಲೇ.”

“ಯಾಕಮ್ಮಾ, ಮಿಷನ್ನಿಗೇನು ನಾಚಿಕೆನಾ?” ಬ್ರೋಕರ್ ತನ್ನ ಮಾತಿಗೆ ತಾನೇ ನಕ್ಕ. “ನೆಟ್ಟಲ್ಲಿ ಹಾಕಿ ನಾಲ್ಕು ದಿನ ಆಯ್ತು. ಯಾರ್ಯಾರ ಫೋನಿಗೆ ಹೋಗಿದೆಯೋ ನಂಗೇ ಗೊತ್ತಿಲ್ಲ. ಇನ್ನು ನಾನು ತೆಗೆದ್ರೇನು, ಬಿಟ್ರೇನು?”

ಕೆಳಗೆ ಮರದ ಮೆಟ್ಟಿಲು ಕಿರುಗುಟ್ಟಿತು. ಯಾರೋ ಹತ್ತುತ್ತಿದ್ದರು. ಅವಳು ಹೆಜ್ಜೆಗಳನ್ನು ಎಣಿಸಿದಳು. ಎರಡನೆಯ ಮಹಡಿಯಲ್ಲಿ ಹೆಜ್ಜೆ ನಿಂತು, ಒಂದು ಬಾಗಿಲು ತೆರೆದು ಮುಚ್ಚಿಕೊಂಡಿತು.

“ಯಾರಾದ್ರೂ ಫೋನ್ ಮಾಡಿದ್ರಾ?”

“ಅದನ್ನ ಹೇಳೋಕೇ ಅಲ್ವಾ ನಾನು ಬಂದಿದ್ದು! ಬೆಳಿಗ್ಗೆ ಒಂದು ಪಾರ್ಟಿ ಫೋನ್ ಮಾಡಿದ್ರು. ಇಂಥವರು ಹುಡುಕಿದ್ರೂ ಸಿಗಲ್ಲ. ರೇಟು ಕೇಳ್ಲಿಲ್ಲ, ನೀರು ಬರತ್ತಾ ಅಂತ ಕೇಳ್ಲಿಲ್ಲ. ಬಾಡಿಗೆಗೆ ಯಾರಿದಾರೆ ಅಂದ್ರು. ತಾಯಿ ಮಗಳು ಇಬ್ಬರೇ, ಯಜಮಾನ್ರು ಹಡಗಲ್ಲಿ ಕೆಲಸ ಅಂದೆ. ಹಡಗು ಅಂದ ಕೂಡಲೇ ಆ ಮನುಷ್ಯ ಎಷ್ಟು ನಕ್ಕರು ಅಂತೀರಿ! ಬಿದ್ದು ಬಿದ್ದು ನಕ್ಕರು. ಅವರನ್ನ ಖಾಲಿ ಮಾಡಿಸ್ಬೇಡಿ, ಅಲ್ಲೇ ಇರ್ಲಿ ಅಂದ್ರು. ಇನ್ನೇನಮ್ಮಾ ಬೇಕು ನಿಮಗೆ?”

“ಅಡ್ರೆಸ್ ಕೊಟ್ಟುಬಿಟ್ರಾ?”

“ಕೊಡದೆ ಮತ್ತೆ? ಮನೆ ಮಾರ್ತಿರೋದಮ್ಮಾ, ಬಚ್ಚಿಡ್ತಿರೋದಲ್ಲ.” ಬ್ರೋಕರ್ ಫೋನಿನಲ್ಲಿ ಹೊತ್ತು ನೋಡಿದ. “ಮೂರಕ್ಕೆ ಸರಿಯಾಗಿ ಬರ್ತೀನಿ ಅಂದಿದ್ರು. ಆಗಲೇ ಮೂರೂಕಾಲು. ಮೊದಲು ಸ್ಕೂಲ್ ನೋಡ್ಕೊಂಡು ಬರೋಣ ಅಂತ ಆ ಕಡೆ ಹೋದ್ರೋ ಏನೋ. ಹತ್ತಿರದಲ್ಲಿ ಯಾವ ಸ್ಕೂಲಿದೆ, ಎಷ್ಟೊತ್ತಿಗೆ ಬಿಡ್ತಾರೆ ಅಂತ ಎರಡೆರಡು ಸಲ ಕೇಳಿದ್ರು. ನಾನು ನಿಮ್ಮ ಮಗು ಹೋಗೋದನ್ನೇ...”

ಅವಳು ಅವನನ್ನು ತಳ್ಳಿಕೊಂಡೇ ಹೊರಗೆ ಓಡಿದಳು. ಬರಿಗಾಲಿನ ಸದ್ದು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿಯತೊಡಗಿತು. ಬ್ರೋಕರ್ ಮೆಟ್ಟಿಲಿನ ಕಟಕಟೆಯ ಮೇಲಿಂದ ಬಗ್ಗಿ ಕೂಗಿದ:

“ಚಪ್ಪಲಿನಾದ್ರೂ ಮೆಟ್ಕೊಳಮ್ಮಾ! ಪಾರ್ಟಿ ಇಲ್ಲಿಗೇ ಬಂದ್ರೆ, ನೀವು ಎಲ್ಲಿಗೆ ಹೋದ್ರಿ ಅಂತ ಹೇಳ್ಲಿ?”