ಮಗಳ ಧಾರೆ ಬಿಟ್ಟು ಹೊಳೆಗೆ ಇಳಿದವರು

ಮೀಸೆ ಚಿಗುರುವ ವಯಸ್ಸಿಗೇ ನೇವಿ ಸೇರಿದ್ದ ಬೊಮ್ಮಯ್ಯ ಗಾಂವಕರರು ತೊಂಬತ್ತರ ಹತ್ತಿರ ತೀರಿಕೊಂಡರು...

ಅಂಕೋಲೆಯ ಮನೆಯಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮಗಳು ಸುಮಿತ್ರಾ ಕಂಬಕ್ಕೊರಗಿ ನಿಂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ನೇವಿಯಲ್ಲಿ ಅವರು ಡೈವರ್. ಹಡಗಿನ ಅಡಿಗೆ ಮುಳುಗಿ ಮಾಡುವ ಕೆಲಸ.

ರಿಟೈರ್ ಆದ ಮೇಲಾದರೂ ಮನೆಯಲ್ಲಿ ಕೂತರಾ? ಎಲ್ಲಿಯ ಮಾತು! ಕಾಡು ಸುತ್ತುವುದು, ಹೊಳೆದಂಡೆಯಲ್ಲಿ ಟೆಂಟ್ ಹಾಕುವುದು, ಗಾಳ ಹಿಡಿದು ಕೂರುವುದು... ಎಪ್ಪತ್ತು ದಾಟಿದರೂ ಗಂಗಾವಳಿ ಹೊಳೆಯನ್ನು ಈಜಿ ದಾಟುತ್ತಿದ್ದ ಗಟ್ಟಿಜೀವ.

ಇನ್ನೊಂದು ಕೆಲಸವೂ ಇತ್ತು. ಯಾರಾದರೂ ಹೊಳೆಪಾಲಾದರೆ ಜನ ಅವರನ್ನೇ ಕರೆಯುತ್ತಿದ್ದರು. ಅವರು ಮುಳುಗಿ ಹೆಣ ತರುತ್ತಿದ್ದರು.

ಸುಮಿತ್ರಾಳಿಗೆ ಅಪ್ಪನ ಮೇಲೆ ಸಿಟ್ಟು ಬಂದದ್ದೇ ಅದರಿಂದ.

ತಾಯಿಯಿಲ್ಲದ ಹುಡುಗಿ. ಅವಳ ಮದುವೆಯಲ್ಲಿ ಧಾರೆ ಎರೆಯಬೇಕಾದವರು ಅಪ್ಪ. ಮುಹೂರ್ತ ಹತ್ತಿರವಾದಾಗ ಯಾರೋ ಬಂದು ಕಿವಿಯಲ್ಲಿ ಏನೋ ಹೇಳಿದರು... ಅಪ್ಪ ಎದ್ದು ಹೊರಟೇಬಿಟ್ಟರು. ಧಾರೆ ಎರೆದದ್ದು ಚಿಕ್ಕಪ್ಪ.

"ಸತ್ತಂವ ಒಂದು ತಾಸು ಕಾಯ್ತಿರ್ಲಿಲ್ವಾ?" ಎಂದು ಅವಳು ಅಂದೇ ಕೇಳಿದ್ದಳು.

ಅಪ್ಪ ಉತ್ತರಿಸಲಿಲ್ಲ. ಅಲ್ಲಿಗೆ ಅಪ್ಪ-ಮಗಳ ಮಾತು ನಿಂತಿತು. ವರ್ಷಗಳು ಉರುಳಿದವು.

ಈಗ ಹೆಣಕ್ಕೆ ಸ್ನಾನ ಮಾಡಿಸುವ ಹೊತ್ತು.

"ಬಾ ಮಗಾ, ಒಂದು ಚೊಂಬು ನೀರು ಹಾಕು," ಎಂದರು ಚಿಕ್ಕಪ್ಪ.

"ನೀವೇ ಹಾಕಿ ಚಿಕ್ಕಪ್ಪಾ. ಅವತ್ತೂ ನೀವೇ ಅಲ್ವಾ ಎರೆದದ್ದು?"

ಚೊಂಬು ಚಿಕ್ಕಪ್ಪನ ಕೈಯಲ್ಲೇ ಉಳಿಯಿತು...

ಆಗ ಹೊಳೆಯಾಚೆಯ ಊರಿನ ಮುದುಕಿಯೊಬ್ಬಳು ಮುಂದೆ ಬಂದಳು.

"ನಿನ್ನ ಮದುವಿ ದಿನ ಹೊಳೆಲಿ ಇದ್ದಂವ ನನ್ನ ಮಗ, ತಂಗೀ. ಮುಳುಗಿ ಎರಡು ದಿನ ಆಗಿತ್ತು, ಎಲ್ಲಿದ್ದಾನೆ ಅಂತ ಗೊತ್ತಾದದ್ದು ಅವತ್ತೇ. ನೀರು ಇಳಿತ ಶುರುವಾದ್ರೆ ಸಮುದ್ರಕ್ಕೆ ಹೋತಾನೆ, ಮತ್ತೆ ಸಿಕ್ಕೂದಿಲ್ಲ ಅಂತ ನಿನ್ನಪ್ಪ ಓಡಿ ಬಂದ್ರು."

ಸುಮಿತ್ರಾ ಮುದುಕಿಯತ್ತ ತಿರುಗಿದಳು.

"ಮೇಲೆ ತಂದ್ರು. ಆದ್ರೆ ನಂಗೆ ಹತ್ರ ಬಿಡ್ಲಿಲ್ಲ. ನಾನು ಬಾಯಿಗೆ ಬಂದಂಗೆ ಬೈದೆ... ಏಡಿ, ಮೀನು ಅರ್ಧ ಮುಖ ತಿಂದಿದ್ವು ಅಂತ ನಂಗೆಂತ ಗೊತ್ತು? ಚಟ್ಟ ಹೊತ್ತವ್ರು ಆಮೇಲೆ ಹೇಳ್ದ್ರು."

ಮುದುಕಿ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಕೆಸರು ತೊಳ್ದು, ತಲೆ ಬಾಚಿ, ತನ್ನ ಮದುವಿಮನೆ ಶಲ್ಯದಲ್ಲೇ ಆ ಬದಿ ಮುಚ್ಚಿದ್ರು. ಚೆಂದ ಇದ್ದ ಬದಿ ನನ್ನ ಕಡೆ ತಿರುಗ್ಸಿ, 'ಈಗ ನೋಡವ್ವಾ' ಅಂದ್ರು. ನನ್ನ ಮಗ ನಿದ್ದಿ ಮಾಡ್ದಂಗೇ ಇದ್ದ, ತಂಗೀ..."

"ಇದನ್ನ ನಂಗೆ ಯಾಕೆ ಹೇಳ್ಲಿಲ್ಲ ಅವ್ರು?" ಸುಮಿತ್ರಾ ಕಂಬ ಬಿಟ್ಟು ಮುಂದೆ ಬಂದಳು.

"ನಾನೂ ಕೇಳಿದ್ದೆ. 'ಮದುವಿ ದಿನ ಮಗಳಿಗೆ ಇಂಥದ್ದು ಹೇಳೂಕಾಗ್ತದಾ?' ಅಂದ್ರು."

ಆ ದಿನ ಹೇಳಲಾಗಲಿಲ್ಲ, ನಿಜ. ಆಮೇಲೆ ಹೇಳೋಣವೆಂದರೆ ಮಗಳು ಮುಖವನ್ನೇ ಕೊಡಲಿಲ್ಲ.

ಸುಮಿತ್ರಾ ಚಿಕ್ಕಪ್ಪನ ಕೈಯಿಂದ ಚೊಂಬು ಇಸಿದುಕೊಂಡಳು. ಅಪ್ಪನ ಹಣೆ ತೊಳೆದಳು, ಕೆನ್ನೆ ತೊಳೆದಳು. ತಡೆಯಲಾಗದೆ ಬಿಕ್ಕಿ ಬಿಕ್ಕಿ ಅತ್ತಳು.

"ಅಪ್ಪಾ..."

ಮದುವೆಯ ನಂತರ ಅವಳು ಹಾಗೆ ಕರೆದದ್ದು ಅದೇ ಮೊದಲು. ಓಗೊಡಲು ಅವರಿರಲಿಲ್ಲ.

*ಸುಮ್ಮನಿರುವವರನ್ನೆಲ್ಲ ತಪ್ಪಿತಸ್ಥರೆಂದುಕೊಳ್ಳಬೇಡಿ, ಪಕ್ಕದಲ್ಲಿ ಕೂತು ಒಮ್ಮೆ ಕೇಳಿ.*

ನೀವು ಮಾತು ಬಿಟ್ಟವರು ಇನ್ನೂ ಬದುಕಿದ್ದಾರಾ? ಹಾಗಾದರೆ ಈ ಮೆಸೇಜ್ ಹಿಡಿದು ಇನ್ನೂ ಯಾಕೆ ಕೂತಿದ್ದೀರಿ...?