ನೆಟ್ಟಗೆ ಅಳೆದರೆ

ಗುಮಾಸ್ತೆ ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು, ಎರಡು ವಿಮಾನ ನಿಲ್ದಾಣಗಳ ನಡುವೆ ನೆಟ್ಟಗೆ ಅಳೆದಳು. "ಇನ್ನೂರ ಅರವತ್ತು ಕಿಲೋಮೀಟರ್ ಸಾರ್. ಮುನ್ನೂರು ದಾಟಿದ್ರೆ ಮಾತ್ರ ಕಂಪನಿ ವಿಮಾನದಲ್ಲಿ ಸೀಟು. ನೀವು ಬಸ್ಸಲ್ಲಿ ಹೋಗಿ."

ಮ್ಯಾನೇಜರ್ ಹೌಹಾರಿದರು. "ತಲೆ ಕೆಟ್ಟಿದೆಯೇನಮ್ಮಾ? ಗುಡ್ಡ ಸುತ್ಕೊಂಡು ಹೋಗೋ ಬಸ್ಸಿಗೆ ಒಂಬತ್ತು ಗಂಟೆ ಬೇಕು, ವಿಮಾನಕ್ಕೆ ಐವತ್ತೇ ನಿಮಿಷ! ಸಂಜೆ ನಾಲ್ಕಕ್ಕೆ ನನ್ನ ಬಡ್ತಿ ಸಂದರ್ಶನ!" ಆಗಲೇ ಮಧ್ಯಾಹ್ನ ಹನ್ನೆರಡಾಗಿತ್ತು.

"ರಸ್ತೆ ಸೊಟ್ಟಗಿದ್ರೆ ಕಂಪನಿ ಏನ್ಮಾಡುತ್ತೆ, ನೆಟ್ಟಗೆ ಅಳೀಬೇಕು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ ಸಾರ್?" ಹೋದ ವರ್ಷ ಅವಳ ತಾಯಿ, ಈಗ ಮ್ಯಾನೇಜರ್ ಹೊರಟಿದ್ದ ಅದೇ ಊರಿನ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ, ಇದೇ ಸ್ಕೇಲ್ ಹಿಡಿದು ಅವಳನ್ನು ಬಸ್ಸಿಗೆ ಅಟ್ಟಿದ ಪುಣ್ಯಾತ್ಮರು ಇವರೇ. ಅಂದು ವಿಮಾನ ಆರು ಸೀಟು ಖಾಲಿ ಇಟ್ಟುಕೊಂಡೇ ಹಾರಿತ್ತು.

ಮ್ಯಾನೇಜರರ ದನಿ ಬೆಣ್ಣೆಯಾಯಿತು. "ದಮ್ಮಯ್ಯ ಅಂತೀನಿ ತಾಯೀ. ನಿವೃತ್ತಿಗೆ ಮುಂಚೆ ಇದೇ ಕೊನೇ ಅವಕಾಶ. ಅವರು ನನಗೋಸ್ಕರ ರಾತ್ರಿವರೆಗೂ ಕಾಯಲ್ಲಮ್ಮ!"

"ನಮ್ಮಮ್ಮನೂ ಕಾಯ್ಲಿಲ್ಲ ಸಾರ್," ಎಂದು ಅವಳು ಅವರ ವಿಮಾನ ಸೀಟಿನ ಅರ್ಜಿಯ ಮೇಲೆ 'ತಿರಸ್ಕೃತ' ಎಂಬ ಮೊಹರನ್ನು ಒಂದಲ್ಲ, ಎರಡು ಸಲ ಗುದ್ದಿದಳು.