ಊಟಕ್ಕೆ ಮೊದಲು ಅರ್ಧ ಗಂಟೆ ಮೇಷ್ಟ್ರು

ಪಕ್ಕದಲ್ಲಿ ಕೂತವರ ಚಟವೆಲ್ಲ ನೆಗಡಿಯ ಹಾಗೆ ಅಂಟತೊಡಗಿದ ಮೇಲೆ, ದಾವಣಗೆರೆಯ ಡಾಕ್ಟರುಗಳು ಮಾತ್ರೆ ಬಿಟ್ಟು ಮನುಷ್ಯರನ್ನೇ ಬರೆದುಕೊಡುತ್ತಿದ್ದರು. ಕೊಟ್ರಬಸಪ್ಪನ ಸಕ್ಕರೆ ಕಾಯಿಲೆಗೆ ಬರೆದದ್ದು ಯೋಗದ ಮೇಷ್ಟ್ರು ಚನ್ನವೀರಯ್ಯನವರನ್ನು. ಊಟಕ್ಕೆ ಮೊದಲು ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಜೊತೆಗೆ ಪಥ್ಯ: "ಆ ಹಾಲೇಶಪ್ಪನ ಸಹವಾಸ ಪೂರ್ತಿ ಬಂದ್."

ಹಾಲೇಶಪ್ಪ ಎಂದರೆ ದಿನಾ ಸಂಜೆ ಮಂಡಕ್ಕಿ ಮಿರ್ಚಿಗೆ ಜೊತೆಯಾಗುತ್ತಿದ್ದ ಜೀವದ ಗೆಳೆಯ. ಅವನ ಡಾಕ್ಟರು ಅವನಿಗೆ ಬೇಯಿಸಿದ ತರಕಾರಿ ಬಿಟ್ಟು ಬೇರೇನೂ ಮುಟ್ಟದ ನರ್ಸ್ ಮೇರಿಯಮ್ಮನನ್ನು ಬರೆದುಕೊಟ್ಟು, ಕೊಟ್ರಬಸಪ್ಪನನ್ನು ಪಥ್ಯಕ್ಕೆ ಸೇರಿಸಿದ್ದರು.

ಒಂದಷ್ಟು ದಿನ ಹಲ್ಲು ಕಚ್ಚಿ ತಡೆದ ಕೊಟ್ರಬಸಪ್ಪ, ಕೊನೆಗೊಂದು ಸಂಜೆ ಮೇಷ್ಟ್ರ ಕಣ್ಣು ತಪ್ಪಿಸಿ ಹಳೇ ಮಿರ್ಚಿ ಅಂಗಡಿಗೆ ನುಗ್ಗಿದ. ಅದೇ ಮೂಲೆಯ ಬೆಂಚಿನಲ್ಲಿ ಹಾಲೇಶಪ್ಪ! ಇಬ್ಬರ ಕಣ್ಣಲ್ಲೂ ನೀರಾಡಿತು. ಬಿಸಿಬಿಸಿ ಮಿರ್ಚಿಯ ಪ್ಲೇಟು ಬಂತು. ಇಬ್ಬರೂ ಅದನ್ನು ನೋಡುತ್ತ ಕೂತರು.

"ತಿನ್ನು ಲೇ, ಯಾಕ್ ಸುಮ್ನ ಕುಂತಿ?" ಎಂದ ಹಾಲೇಶಪ್ಪ.

"ಎಣ್ಣಿ ವಾಸ್ನಿಗೇ ಹೊಟ್ಟಿ ತೊಳಸಾಕತ್ತೈತಿ. ನೀ ತಿನ್ನು."

"ನಂಗೂ ಬ್ಯಾಡಪ. ಬಿಸ್ನೀರ್ ಸಿಗ್ತೈತೇನು, ಕೇಳು."

ಕೇಳಲೆಂದು ಕೊಟ್ರಬಸಪ್ಪ ಹಿಂದಿರುಗಿ ನೋಡಿದ. ಹಿಂದಿನ ಬೆಂಚಿನಲ್ಲಿ ಚನ್ನವೀರಯ್ಯ ಮೇಷ್ಟ್ರೂ ಮೇರಿಯಮ್ಮನೂ ಎದುರುಬದುರು ಕೂತು, ಖಾರಕ್ಕೆ ಮೂಗೊರೆಸಿಕೊಳ್ಳುತ್ತ ಮಿರ್ಚಿ ಕಡಿಯುತ್ತಿದ್ದರು.

ಮೇಷ್ಟ್ರು ಬಾಯಲ್ಲಿದ್ದುದನ್ನು ನುಂಗಿ, ಕೈ ಚಾಚಿದರು.

"ಯಜಮಾನ್ರೇ, ನಿಮಗ್ ಬ್ಯಾಡಾದ್ರ ಆ ಪ್ಲೇಟ್ ಸ್ವಲ್ಪ ಈ ಕಡಿ ಸರಿಸ್ರಿ."